ಬೇಲಿ ದಾಟಿದ ನಾಲ್ಕು ಕಡ್ಡಿ

ಮದುವೆಮನೆಯ ಪಂಕ್ತಿಯಲ್ಲಿ ಕಮಲಾಕರ ಹೆಗಡೆಯವರ ಪಕ್ಕ ಒಮ್ಮೆ ಕೂತವರು ಎರಡನೇ ಸಲ ಕೂರುವುದಿಲ್ಲ. ನಿಮ್ಮ ಬಾಳೆಲೆಯ ತುದಿ ಅವರ ಎಲೆಯ ಮೇಲೆ ನಾಲ್ಕು ಬೆರಳು ಬಂದಿದ್ದರೆ, ಪಾಯಸ ಬಡಿಸುವವರನ್ನು ನಿಲ್ಲಿಸಿಯಾದರೂ ಅದನ್ನು ಸರಿಸುವವರೆಗೆ ಅವರು ತುತ್ತು ಎತ್ತುವವರಲ್ಲ. ಬಸ್ಸಿನಲ್ಲಿ ಮೂವರ ಸೀಟು ಸಿಕ್ಕಿತೋ, ಮೊದಲು ಗೇಣು ಹಾಕಿ ಅಳೆದು, ತಮ್ಮ ಪಾಲು ಮುಗಿಯುವಲ್ಲಿ ಟವೆಲ್ ಇಡುತ್ತಾರೆ. ತಮ್ಮದೇ ತೊಡೆ ಟವೆಲ್ ದಾಟಿದರೂ ಅಷ್ಟೇ, "ತಪ್ಪಾಯ್ತು, ಅತಿಕ್ರಮಣ ಆಯ್ತು" ಎಂದು ಒಳಗೆಳೆದುಕೊಳ್ಳುತ್ತಾರೆ. ಇಂಥ ಮನುಷ್ಯನಿಗೆ ಲ್ಯಾಪ್‌ಟಾಪ್ ಮಾರಿದವಳು ನಾನು. ನನ್ನ ಗ್ರಹಚಾರ.

ನಾನು ನಮಿತಾ. ಸಿದ್ದಾಪುರ ಪೇಟೆಯಲ್ಲಿ ಕಂಪ್ಯೂಟರ್ ಮಾರುವ, ರಿಪೇರಿ ಮಾಡುವ ಚಿಕ್ಕ ಅಂಗಡಿ ನನ್ನದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ. ಪ್ಲಗ್ಗೇ ಹಾಕದೆ "ನಿಮ್ಮ ಕಂಪ್ಯೂಟರ್ ಸತ್ತು ಹೋತು" ಎಂದು ಫೋನ್ ಮಾಡುವವರ ಜೊತೆ ಹತ್ತು ವರ್ಷ ಕಳೆಯಲಿ, ಆಮೇಲೆ ಅವರ ಸಿಟ್ಟು ಎಲ್ಲಿರುತ್ತದೋ ನೋಡುತ್ತೇನೆ. ಹೆಗಡೆಯವರು ನಮಗೆ ಸುತ್ತಿ ಬಳಸಿ ಸಂಬಂಧಿಕರು. ಹಾಗಾಗಿ ನನಗೆ ಅವರು ಕಮಲಾಕರ ಮಾವ, ಅವರ ಹೆಂಡತಿ ಪರಿಮಳತ್ತೆ.

ಮಾವ ಹುಟ್ಟಿದ್ದು, ಈಗಲೂ ಇರುವುದು ಸಿದ್ದಾಪುರದ ಹತ್ತಿರದ ಮನ್ಮನೆಯಲ್ಲಿ. ಇಪ್ಪತ್ತಮೂರಕ್ಕೆ ಸರ್ವೆ ಇಲಾಖೆ ಸೇರಿದವರು ಐವತ್ತೆಂಟಕ್ಕೆ ನಿವೃತ್ತರಾಗುವವರೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಬಿಟ್ಟು ಹೊರಗೆ ಕೆಲಸ ಮಾಡಲಿಲ್ಲ. ಈ ಮೂರು ತಾಲೂಕಿನಲ್ಲಿ ಯಾರದೋ ಗದ್ದೆ ಹುಲ್ಲುಗಾವಲಿಗೆ ನುಗ್ಗಿರುತ್ತದೆ, ಯಾರದೋ ಹುಲ್ಲುಗಾವಲು ಕಾಡಿಗೆ ನುಗ್ಗಿರುತ್ತದೆ. ಅತಿಕ್ರಮಣ ಎಂಬ ಮಾತು ಕಿವಿಗೆ ಬಿದ್ದರೆ ಊಟ ಮಾಡುತ್ತಿದ್ದವರೂ ಎದ್ದು ಹೊರಗೆ ಬರುತ್ತಾರೆ. ಮಾವ ಅದನ್ನೆಲ್ಲ ಅಳೆದು ನಕ್ಷೆಯಲ್ಲಿ ಕೆಂಪು ಶಾಯಿಯಿಂದ ಬರೆಯುವವರು. ಲಂಚ ಮುಟ್ಟಲಿಲ್ಲ. ಸ್ವಂತ ಷಡ್ಡಕನ ಬೇಲಿಯನ್ನೂ ಬಿಡಲಿಲ್ಲ. ಆ ಷಡ್ಡಕ ಇವತ್ತಿಗೂ ಇವರ ಹೊಸ್ತಿಲು ತುಳಿದಿಲ್ಲ.

ಹನ್ನೊಂದು ವರ್ಷ ಇವರ ಜೊತೆ ಸರ್ವೆಯ ಸರಪಳಿ ಹಿಡಿದು ಗುಡ್ಡ ಹತ್ತಿ ಇಳಿದವರು ಪಕ್ಕದ ಮನೆಯ ಕೆರಿಯಣ್ಣ. ಇಲಾಖೆಯಲ್ಲಿ ಚೈನ್‌ಮನ್. ಇಬ್ಬರೂ ಒಂದೇ ಬುತ್ತಿ ಬಿಚ್ಚಿ ತಿಂದವರು, ಒಂದೇ ಸಂಚಿಯಿಂದ ಎಲೆಯಡಿಕೆಯ ಕವಳ ಹಾಕಿದವರು. ತೊಂಬತ್ತಮೂರರಲ್ಲಿ ಇವರಿಬ್ಬರ ನಡುವಿನ ಗಡಿಯನ್ನೇ ಅಳೆಯುವ ಪ್ರಸಂಗ ಬಂತು. ಕೆರಿಯಣ್ಣ ಹೊಸದಾಗಿ ಕಟ್ಟಿಸಿದ ಕೊಟ್ಟಿಗೆಯ ಗೋಡೆ ಎರಡು ಅಡಿ ಈಚೆ ಬಂದಿದೆ ಎಂದು ಅಳತೆ ಹೇಳಿತು. ಕೆರಿಯಣ್ಣ ಏನೋ ಹೇಳಲು ಬಾಯಿ ತೆರೆದರಂತೆ. ಮಾವ ಪಂಚರ ಎದುರಿಗೇ, "ಸರಪಳಿ ಹಿಡಿಯೋನು ಅಳತೆ ಹೇಳೋದು ಬೇಡ" ಎಂದುಬಿಟ್ಟರು. ಕೆರಿಯಣ್ಣ ಮಾತಾಡದೆ ಗೋಡೆ ಕೆಡವಿದರು, ವರ್ಗ ಮಾಡಿಸಿಕೊಂಡು ಯಲ್ಲಾಪುರಕ್ಕೆ ಹೋದರು. ನಿವೃತ್ತರಾಗಿ ವಾಪಸ್ ಬಂದು ಪಕ್ಕದಲ್ಲೇ ಇದ್ದರೂ ಎರಡು ಮನೆಗೆ ಮಾತಿಲ್ಲ. ಹದಿನಾರು ವರ್ಷ.

ಈಗ ಎರಡು ಸಾವಿರದ ಒಂಬತ್ತಕ್ಕೆ ಬರೋಣ. ಪಹಣಿ, ನಕ್ಷೆ ಎಲ್ಲ ಇನ್ನು ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ನೋಡಬಹುದು ಎಂದು ಯಾರೋ ಮಾವನ ಕಿವಿಯಲ್ಲಿ ಊದಿದರು. ಜನವರಿಯಲ್ಲಿ ನನ್ನ ಅಂಗಡಿಗೆ ಬಂದು ಲ್ಯಾಪ್‌ಟಾಪ್ ಒಯ್ದರು. ಫೋನ್ ಕಚೇರಿಯವರು ಮೋಡೆಮ್ ಕೊಟ್ಟರು. ನಾನೇ ಹೋಗಿ ಎಲ್ಲ ಜೋಡಿಸಿ, ವೈಫೈ ಹಿಡಿಸಿ, ಪರಿಮಳತ್ತೆ ಕೊಟ್ಟ ಕಷಾಯ ಕುಡಿದು ಬಂದೆ. ಮೂರು ತಿಂಗಳು ಮಾವ ಬೆಳಿಗ್ಗೆ ಎದ್ದು ಮುಖ ತೊಳೆದು ಊರವರ ಪಹಣಿ ಓದುತ್ತ ಸುಖವಾಗಿದ್ದರು.

ಏಪ್ರಿಲ್ ಕೊನೆಯಲ್ಲಿ ಒಂದು ದಿನ ಫೋನ್ ಬಂತು.

"ತಂಗೀ, ಆನು ಕಮಲಾಕರ. ಯಂಗಳ ಮನೆ ಇಂಟರ್ನೆಟ್ಟು ಕೆರಿಯನ ಜಾಗಕ್ಕೆ ಹೋಗ್ತಾ ಇದ್ದು."

"ಎಂತಾ?"

"ಬೇಲಿ ಹತ್ರ ಲ್ಯಾಪ್‌ಟಾಪ್ ಹಿಡಕಂಡು ಹೋಗಿದ್ದೆ. ಅಲ್ಲಿ ನಾಲ್ಕು ಕಡ್ಡಿ ತೋರಿಸ್ತು. ಬೇಲಿಯಿಂದ ಆಚೆ ಕೈ ಚಾಚಿ ಹಿಡಿದರೆ ಐದು!"

ಸಿಗ್ನಲ್ಲಿನ ಕಡ್ಡಿ ಎಣಿಸುತ್ತಿದ್ದಾರೆ ಎಂದು ನನಗೆ ತಿಳಿಯುವ ಹೊತ್ತಿಗೆ ಅಂಗಡಿಯಲ್ಲಿ ಮೂರು ಜನ ಕಾಯುತ್ತಿದ್ದರು. "ಮಾವ, ವೈಫೈ ಬೇಲಿ ಗೀಲಿ ನೋಡ್ತಿಲ್ಲೆ. ಎಲ್ಲಾ ಬದಿಗೂ ಹೋಗ್ತು. ಬಿಡಿ."

"ಬಿಡೂದಾ? ಮೂವತ್ತೈದು ವರ್ಷ ಊರವರ ಅತಿಕ್ರಮಣ ಹಿಡಿದವ ಆನು. ನಾಳೆ ಕೆರಿಯ ಬೇಲಿ ಹತ್ರ ನಿಂತು 'ಹೆಗಡೇರೆ, ನಿಮ್ಮದು ನನ್ನ ಜಾಗದೊಳಗೆ ಬಂದದೆ' ಹೇಳಿರೆ ಆನು ಮುಖ ಎಲ್ಲಿ ಇಟ್ಕಳವು? ಬೇರೆ ಯಾರಾದ್ರೂ ಹೇಳ್ಲಿ, ಕೆರಿಯ ಹೇಳಲಾಗ. ಅದು ಯಂಗಳ ಗಡಿಗೆ ಬಂದು ನಿಲ್ಲೋ ಹಾಂಗೆ ಮಾಡಿ ಕೊಡು."

ತಮಾಷೆಯಲ್ಲ, ಮನುಷ್ಯ ನಿಜಕ್ಕೂ ಹೆದರಿದ್ದರು. ಸರಿ, ಮೋಡೆಮ್ಮಿನ ಸೆಟ್ಟಿಂಗ್ಸ್ ಪುಟ ತೆರೆದು ಸಿಗ್ನಲ್ಲಿನ ಜೋರು ಕಡಿಮೆ ಮಾಡಿಸಿದರಾಯಿತು ಎಂದುಕೊಂಡೆ. "ಒಂದು ನಂಬರ್ ಹೇಳ್ತೆ, ಬರ್ಕಳಿ. ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು, ಒಂದು, ಒಂದು. ನಡುವೆ ಚುಕ್ಕೆ. ಅದನ್ನು ಮೇಲಿನ ಪಟ್ಟಿಯಲ್ಲಿ ಹಾಕಿರೆ ಸೆಟ್ಟಿಂಗ್ಸ್ ಸಿಗ್ತು." ಅಷ್ಟು ಹೇಳಿ ಫೋನಿಟ್ಟೆ.

ಎರಡು ದಿನ ಸುದ್ದಿಯಿಲ್ಲ. ಮೂರನೇ ದಿನ ಪರಿಮಳತ್ತೆ ಫೋನ್ ಮಾಡಿದರು. "ಕೂಸೇ, ನೀನು ಎಂತಾ ನಂಬರ್ ಕೊಟ್ಟಿದ್ಯೇ? ನಿನ್ನ ಮಾವ ಬೆಳಗಿನ ಬಸ್ಸಿಗೆ ಎಕ್ಕಂಬಿಗೆ ಹೋಯ್ದ್ರು!"

ನನ್ನ ತಲೆ ಗಿರ್ರ್ ಎಂದಿತು. ಆ ಮಹರಾಯ ಅದನ್ನು ಸರ್ವೆ ನಂಬರ್ ಅಂದುಕೊಂಡಿದ್ದರು. ಮನ್ಮನೆಯಲ್ಲಿ ಅಷ್ಟು ದೊಡ್ಡ ನಂಬರಿಲ್ಲ. ತಾವು ಅಳೆದ ಊರುಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿ, ನೂರಾ ಅರವತ್ತೆಂಟು ಹಳೇ ನಂಬರಿರಬೇಕೆಂದು ಬಿಟ್ಟು, ಹಿಸ್ಸಾ, ಅಂದರೆ ಪಾಲು, ಒಂದೇ ಇರುವ ನೂರಾ ತೊಂಬತ್ತೆರಡು ಎಕ್ಕಂಬಿಯಲ್ಲಿದೆ ಎಂದು ನೆನಪಿಸಿಕೊಂಡು, ಸಿದ್ದಾಪುರಕ್ಕೊಂದು ಬಸ್ಸು, ಶಿರಸಿಗೊಂದು ಬಸ್ಸು, ಅಲ್ಲಿಂದ ಇನ್ನೊಂದು ಹತ್ತಿ ಹೋಗಿದ್ದರು. ಸಂಜೆ ಅಂಗಡಿಗೇ ಬಂದರು. ಚಪ್ಪಲಿಯಲ್ಲಿ ಕೆಸರು.

"ತಂಗೀ, ನೀನು ಹೇಳಿದ್ದು ಕೆರೆ ಅಂಗಳ. ಎಂಬತ್ತೇಳರಲ್ಲಿ ಆನೇ ಅಳದ್ದು. ಈಗ್ಲೂ ಅಲ್ಲಿ ಎಮ್ಮೆ ಬಿದ್ಕಂಡಿದ್ದು. ಸೆಟ್ಟಿಂಗ್ಸ್ ಎಂತದೂ ಇಲ್ಲೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೂರಿಸಿ, ನೀರು ಕೊಟ್ಟು, ಇದು ನೆಲದ ನಂಬರಲ್ಲ, ಮೋಡೆಮ್ಮಿನ ವಿಳಾಸ, ನಿಮ್ಮ ಮನೆಯಲ್ಲೇ ಇರುತ್ತದೆ ಎಂದು ತಿಳಿಸಿ ಹೇಳಿದೆ. ಸಣ್ಣ ಮಗುವಿನಂತೆ ತಲೆಯಾಡಿಸಿದರು. ಮರುದಿನ ಮತ್ತೆ ಫೋನು: ಪುಟ ಬರುತ್ತಿಲ್ಲ. ಹೇಗೆ ಬರೆದಿರಿ ಎಂದು ಅಕ್ಷರ ಅಕ್ಷರ ಓದಿಸಿದರೆ, ಪ್ರತಿ ಸಂಖ್ಯೆಯ ನಡುವೆ ಚುಕ್ಕೆಯ ಬದಲು ಅಡ್ಡಗೆರೆ. ಮೂವತ್ತೈದು ವರ್ಷ ಸರ್ವೆ ನಂಬರಿಗೂ ಹಿಸ್ಸಾಕ್ಕೂ ನಡುವೆ ಗೆರೆ ಎಳೆದ ಕೈ, ಚುಕ್ಕೆ ಇಡಲು ಒಪ್ಪಲಿಲ್ಲ.

"ಚುಕ್ಕೆ ಇಟ್ಟರೆ ದಾಖಲೆ ತಿರಸ್ಕಾರ ಆಗ್ತು ತಂಗೀ."

"ಆಗಲಿ ಮಾವ, ತಿರಸ್ಕಾರ ಮಾಡ್ಲಿ! ಚುಕ್ಕೆ ಇಡಿ!"

ಚುಕ್ಕೆ ಇಟ್ಟರು. ಪುಟ ಬಂತು. ಹೆಸರು, ಪಾಸ್‌ವರ್ಡ್ ಕೇಳಿತು. ಹೊಸ ಮೋಡೆಮ್ಮಿಗೆಲ್ಲ ಕಾರ್ಖಾನೆಯವರು ಕೊಟ್ಟು ಕಳಿಸುವ ಒಂದೇ ಮಾಮೂಲಿ ಶಬ್ದ, ಎರಡೂ ಕಡೆ 'ಅಡ್ಮಿನ್' ಎಂದು ಹಾಕಿ ಎಂದೆ. ತಪ್ಪು ಎಂದಿತು. ದೊಡ್ಡಕ್ಷರ, ಸಣ್ಣಕ್ಷರ, ಒಂದೂ ಒಪ್ಪಲಿಲ್ಲ. ಹಾಗಾದರೆ ಯಾರೋ ಪಾಸ್‌ವರ್ಡ್ ಬದಲಿಸಿದ್ದಾರೆ. "ನಿಂಗ ಬದಲಿಸಿದ್ರಾ?" "ಆನು ಎಂತಕ್ಕೆ ಬದಲಿಸಲೇ, ಆನು ಚುಕ್ಕೆ ಇಟ್ಟಿದ್ದೇ ಇವತ್ತು."

ಮೋಡೆಮ್ಮಿನ ಹಿಂದೆ ಸೂಜಿಯಷ್ಟು ಒಂದು ತೂತು ಇರುತ್ತದೆ, ಅದರೊಳಗೆ ಹತ್ತು ಸೆಕೆಂಡು ಚುಚ್ಚಿ ಹಿಡಿದರೆ ಪಾಸ್‌ವರ್ಡ್ ಮೊದಲಿನಂತಾಗುತ್ತದೆ ಎಂದೆ. ಹಿತ್ತಲಿನಿಂದ ನಿಂಬೆ ಮುಳ್ಳು ತಂದು ಚುಚ್ಚಿದರು. ದೀಪ ಆರಿ ಹತ್ತಿತು. ಮತ್ತೆ ಅಡ್ಮಿನ್. ಮತ್ತೆ ತಪ್ಪು. ಒಂದು ಅಳತೆಯನ್ನು ಯಾವತ್ತೂ ನಂಬಬಾರದು, ಮೂರು ಸಲ ತೆಗೆದು ಸರಾಸರಿ ನೋಡಬೇಕು ಎಂದು ಅವರೇ ಮೂರು ಸಲ ಚುಚ್ಚಿದರು. ಆಮೇಲೆ ಪರಿಮಳತ್ತೆಯ ಕೈಯಲ್ಲಿ ಮೂರು ಸಲ ಚುಚ್ಚಿಸಿದರು. ಬೇರೆ ಮುಳ್ಳು ತಂದು ಇನ್ನೂ ಮೂರು ಸಲ. ಪ್ರತಿ ಸಲ ಫೋನಿನಲ್ಲಿ ಹತ್ತರವರೆಗೆ ಎಣಿಸುವುದು ನನ್ನ ಪಾಲಿಗೆ. ಒಂಬತ್ತನೆಯದಾದ ಮೇಲೆ ನನಗೆ ಮೈ ಉರಿದುಹೋಯಿತು. "ಮಾವ, ಮೋಡೆಮ್ ಮುಟ್ಟಡಿ, ಉಸಿರೂ ಬಿಡಡಿ. ಭಾನುವಾರ ಆನೇ ಬತ್ತೆ" ಎಂದು ಕೂಗಿ ಇಟ್ಟೆ. ಅಂಗಡಿಯಲ್ಲಿದ್ದ ಗಿರಾಕಿ ಹೆದರಿ ಎದ್ದು ಹೋದ.

ಭಾನುವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ಮನ್ಮನೆಗೆ ಹೋದೆ. ಮಾವ ಜಗಲಿಯಲ್ಲಿ ನಕ್ಷೆ ಹಾಸಿಕೊಂಡು ಕೂತಿದ್ದರು. ಹೌದು, ವೈಫೈನ ನಕ್ಷೆ. ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಟೇಪಿನ ಇನ್ನೊಂದು ತುದಿಯನ್ನು ಪರಿಮಳತ್ತೆಗೆ ಹಿಡಿಸಿ, ಹತ್ತು ಹತ್ತು ಅಡಿಗೆ ಎಷ್ಟು ಕಡ್ಡಿ ಎಂದು ಬರೆದಿದ್ದರು. ಮೋಡೆಮ್ ಇರುವ ಕೋಣೆಯಲ್ಲಿ ಎರಡು ಕಡ್ಡಿ. ಬಾವಿಕಟ್ಟೆಯಲ್ಲಿ ಮೂರು. ಬೇಲಿಯಲ್ಲಿ ನಾಲ್ಕು. ಆಚೆ ಐದು. ಆ ಕಡೆಯ ಭಾಗಕ್ಕೆಲ್ಲ ಕೆಂಪು ಶಾಯಿ ಹಚ್ಚಿದ್ದರು.

"ಮಾವ, ಮೋಡೆಮ್ ಬುಡದಲ್ಲಿ ಎರಡೇ ಕಡ್ಡಿಯಾ?"

"ಅದೇ ಹೇಳ್ತಾ ಇಪ್ಪದು! ಕೆರಿಯನ ಜಾಗ ಯಂಗಳದ್ದಕ್ಕಿಂತ ಐದು ಅಡಿ ತಗ್ಗು. ಎಲ್ಲಾ ಅತ್ಲಾಗೆ ಹರಿದು ಹೋಗಿ ನಿಂತಿದ್ದು. ಯಂಗಳ ಬದಿಗೆ ಎಂತದೂ ಉಳದ್ದಿಲ್ಲೆ."

"ನೀರಲ್ದ ಮಾವ ಅದು!"

"ಅಲ್ದಾ? ಹಂಗಾರೆ ತಗ್ಗಿಗೆ ಎಂತಕ್ಕೆ ಹೋತು?"

ಒಳಗೆ ಹೋಗಿ ನಾನೇ ಮುಳ್ಳು ಹಿಡಿದು ಚುಚ್ಚಿದೆ. ಪುಟ ಬಂತು, ಅಡ್ಮಿನ್ ಎಂದೆ, ತಪ್ಪು ಎಂದಿತು. ಸಿಟ್ಟು ನೆತ್ತಿಗೇರಿತು. ಮೋಡೆಮ್ಮಿನ ವಯರು ಕಿತ್ತು, ಪ್ಲಗ್ ಕಿತ್ತು, ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡೆ. ದೀಪವೆಲ್ಲ ಆರಿತ್ತು.

"ತಂಗೀ," ಎಂದರು ಮಾವ, ಲ್ಯಾಪ್‌ಟಾಪ್ ನೋಡುತ್ತ. "ಪುಟ ಇನ್ನೂ ಬತ್ತಾ ಇದ್ದು."

ನೋಡಿದೆ. ಹೌದು. ಮೋಡೆಮ್ ನನ್ನ ಮಡಿಲಲ್ಲಿ ತಣ್ಣಗೆ ಮಲಗಿದೆ; ಅದರ ಸೆಟ್ಟಿಂಗ್ಸ್ ಪುಟ ಮಾತ್ರ ಎದುರಿಗೆ ಪಾಸ್‌ವರ್ಡ್ ಕೇಳುತ್ತ ನಿಂತಿದೆ. ಪಹಣಿಯ ಪುಟವೂ ತೆರೆಯಿತು. ಪರಿಮಳತ್ತೆ ದೇವರ ಕೋಣೆಯ ಕಡೆ ತಿರುಗಿ ಕೈ ಮುಗಿದರು. ನನಗೆ ಮಾತ್ರ ಅರ್ಥವಾಗಿಬಿಟ್ಟಿತ್ತು.

ಇದು ಈ ಮೋಡೆಮ್ಮಿನ ಪುಟವೇ ಅಲ್ಲ. ಫೋನ್ ಕಚೇರಿಯವರು ಎಲ್ಲರಿಗೂ ಕೊಡುವುದು ಒಂದೇ ಜಾತಿಯ ಮೋಡೆಮ್. ಒಂದೇ ವಿಳಾಸ, ವೈಫೈಗೆ ಒಂದೇ ಹೆಸರು. ಜನವರಿಯಲ್ಲಿ ಆ ಹೆಸರು ಕಂಡಿತೆಂದು ನಾನು ಒತ್ತಿ, ಪಾಸ್‌ವರ್ಡ್ ಕೇಳದೆಯೇ ಇಂಟರ್ನೆಟ್ ಬಂತೆಂದು ಎದ್ದು ಕಷಾಯ ಕುಡಿಯಲು ಹೋಗಿದ್ದೆ. ಮಾವನ ಮೋಡೆಮ್ಮಿನಲ್ಲಿ ವೈಫೈ ಶುರುವೇ ಆಗಿರಲಿಲ್ಲ. ಮೂರು ತಿಂಗಳಿಂದ ಅದು ಸುಮ್ಮನೆ ದೀಪ ಉರಿಸುತ್ತಿತ್ತು. ಊರವರಿಗೆಲ್ಲ ಬುದ್ಧಿ ಹೇಳುವ ನಾನು ಮಾಡಿದ ಕೆಲಸ ಇದು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಮಾವ," ಎಂದೆ. "ಬೇಲಿ ದಾಟಿದ್ದು ನಿಂಗಳದ್ದಲ್ಲ. ನಿಂಗ ಮೂರು ತಿಂಗಳಿಂದ ಕೆರಿಯಣ್ಣನ ಮನೆ ಇಂಟರ್ನೆಟ್ಟು ಬಳಸ್ತಾ ಇದ್ರಿ. ತಪ್ಪು ಎನ್ನದು."

ಮಾವ ನಕ್ಷೆ ನೋಡಿದರು. ಐದು ಕಡ್ಡಿ, ನಾಲ್ಕು, ಮೂರು, ಎರಡು. ಆ ಕಡೆಯಿಂದ ಈ ಕಡೆಗೆ ಓದಿದರು. "ಹಂಗಾರೆ ಅತಿಕ್ರಮಣ ಮಾಡಿದವ ಆನು" ಎಂದರು. ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಯಾರಿಗೂ ಗೊತ್ತಾಗದ ಹಾಗೆ ಈಗಲೇ ಬಂದ್ ಮಾಡಿಬಿಡುತ್ತೇನೆ, ನಿಮ್ಮದೇ ವೈಫೈ ಶುರು ಮಾಡಿಕೊಡುತ್ತೇನೆ ಎಂದು ನಾನು ಹೇಳಿದ್ದು ಕಿವಿಗೆ ಬೀಳಲಿಲ್ಲ. ಪರಿಮಳತ್ತೆ ಒಳಗಿಂದ ಇಸ್ತ್ರಿ ಮಾಡಿದ ಅಂಗಿ ತಂದು ಅವರ ಮುಂದೆ ಹಿಡಿದರು.

"ಹೋಗಿ ಹೇಳಿ ಬನ್ನಿ. ಇನ್ನು ಎಷ್ಟು ವರ್ಷ ಕಾಯ್ತ್ರಿ?"

ಬೇಲಿಯಲ್ಲಿ ಒಂದು ಕಡೆ ಗಳ ಸರಿಸಿ ದಾಟುವ ದಣಪೆ ಇತ್ತು. ಎರಡು ಹೆಜ್ಜೆ ಇಟ್ಟಿದ್ದರೆ ಆಚೆ ಹೋಗಬಹುದಿತ್ತು. ಮಾವ ಒಪ್ಪಲಿಲ್ಲ, ಅಪ್ಪಣೆಯಿಲ್ಲದೆ ಆ ಕಡೆ ಕಾಲಿಡುವಂತಿಲ್ಲ. ರಸ್ತೆಗೆ ಇಳಿದು, ಸುತ್ತು ಹಾಕಿ, ಉರಿಬಿಸಿಲಿನಲ್ಲಿ ಲ್ಯಾಪ್‌ಟಾಪ್ ಎದೆಗೆ ಅವಚಿಕೊಂಡು ಕೆರಿಯಣ್ಣನ ಮನೆಯ ಎದುರು ಬಾಗಿಲಿಗೆ ಹೋದರು. ಹಿಂದೆ ನಾನು.

ಕೆರಿಯಣ್ಣ ಅಂಗಳದಲ್ಲಿ ಮುರುಗಲ ಹಣ್ಣಿನ ಸಿಪ್ಪೆ ಒಣಹಾಕುತ್ತಿದ್ದರು. ಕೈಯೆಲ್ಲ ಕೆಂಪು. ನಮ್ಮನ್ನು ಕಂಡು ಹಾಗೇ ನಿಂತರು. ಹೈಸ್ಕೂಲಿನಲ್ಲಿ ಪಾಠ ಮಾಡುವ ಅವರ ಮಗಳು ತನುಜಾ ಒಳಗಿಂದ ಇಣುಕಿದಳು.

"ಕೆರಿಯಾ," ಎಂದರು ಮಾವ, ದಾಖಲೆ ಓದಿದಂತೆ. "ನಿನ್ನ ಮನೆ ಇಂಟರ್ನೆಟ್ಟನ್ನ ನಾನು ಮೂರು ತಿಂಗಳಿಂದ ಬಳಸ್ತಾ ಇದ್ದೇನೆ. ಗೊತ್ತಿರಲಿಲ್ಲ. ಆದರೂ ಅತಿಕ್ರಮಣ ಅತಿಕ್ರಮಣವೇ. ನಿನ್ನ ಮಗಳಿಗೆ ಹೇಳು, ಈಗಲೇ ವೈಫೈಗೆ ಪಾಸ್‌ವರ್ಡ್ ಹಾಕಲಿ, ನನ್ನದು ಒಳಗೆ ಬರಬಾರದು."

"ಮೊದಲು ಕೂತ್ಕಳಿ ಹೆಗಡೇರೆ."

ಮಾವ ಕೂರಲಿಲ್ಲ. ನಾನು ತನುಜಾಳಿಗೆ ವಿಷಯ ಹೇಳಿದೆ. ಅವಳು ತನ್ನ ಲ್ಯಾಪ್‌ಟಾಪ್ ತಂದು ಜಗಲಿಯ ಮೇಲಿಟ್ಟು, ವಾರವಿಡೀ ನಮ್ಮನ್ನು ಅಳಿಸಿದ ಆ ಪುಟಕ್ಕೆ ತಾನೇ ಹಾಕಿದ್ದ ಪಾಸ್‌ವರ್ಡ್ ಕೊಟ್ಟಳು. ಅದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ತೆರೆದುಕೊಂಡಿತು. ಈಗ ಯಾವ ಯಾವ ಕಂಪ್ಯೂಟರ್ ಈ ವೈಫೈಗೆ ಸೇರಿಕೊಂಡಿದೆ ಎಂಬ ಪಟ್ಟಿ ಅದರಲ್ಲಿತ್ತು. ಎರಡೇ ಹೆಸರು. ಒಂದು ತನುಜಾ. ಇನ್ನೊಂದು ಕಮಲಾಕರ, ಮಾರುವಾಗ ಗಿರಾಕಿಯ ಹೆಸರು ಮೆಷಿನ್ನಿಗೆ ಹಾಕಿಕೊಡುವುದು ನನ್ನ ರೂಢಿ. ಅಷ್ಟು ದಿನವೂ ಆ ಹೆಸರು ಇವರ ಕಣ್ಣೆದುರಿಗೇ ಇತ್ತು.

"ವೈಫೈಗೆ ಪಾಸ್‌ವರ್ಡ್ ಹಾಕ್ಬೇಕು ಅಂತ ನಾನು ಜನವರಿಯಲ್ಲೇ ಹೇಳಿದ್ದೆ," ಎಂದಳು ತನುಜಾ. "ಅಪ್ಪ ಬಿಡಲಿಲ್ಲ."

ಮಾವ ಕೆರಿಯಣ್ಣನ ಮುಖ ನೋಡಿದರು. ಎದೆಗವಚಿದ್ದ ಲ್ಯಾಪ್‌ಟಾಪನ್ನು ಜಗಲಿಯ ಮೇಲಿಟ್ಟರು.

"ಕೆರಿಯಾ, ಅವತ್ತು ಸರಪಳಿ ಎರಡು ಅಡಿ ಗಿಡ್ಡ ಇತ್ತು. ಹಿಂದೊಮ್ಮೆ ತುಂಡಾದಾಗ ಕಮ್ಮಾರ ಮೂರು ಕೊಂಡಿ ಬಿಟ್ಟು ಕೂಡಿಸಿದ್ದ. ಸಂಜೆ ಕಚೇರಿಗೆ ಹೋಗಿ ಎಣಿಸಿದೆ. ನಿನ್ನ ಗೋಡೆ ಸರಿಯಾದ ಜಾಗದಲ್ಲೇ ಇತ್ತು. ನಾನು ಯಾರಿಗೂ ಹೇಳಲಿಲ್ಲ."

ಮೂರು ತಾಲೂಕಿನ ಬೇಲಿ ಸರಿ ಮಾಡಿದ ಮನುಷ್ಯ ಹದಿನಾರು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೇರೆಯವರ ಎಲೆ ಸರಿಸುತ್ತಿದ್ದರು. ಸಿಟ್ಟೂ ಬಂತು, ಪಾಪವೆಂದೂ ಅನಿಸಿತು.

"ಗೊತ್ತಿತ್ತು," ಎಂದರು ಕೆರಿಯಣ್ಣ. "ಹನ್ನೊಂದು ವರ್ಷ ಹಿಡಿದ ಕೈ ಇದು. ಎತ್ತುತ್ಲೇ ತೂಕ ಕಮ್ಮಿ ಅನ್ನಿಸ್ತು. ಅದನ್ನೇ ಹೇಳೋಕೆ ಬಾಯಿ ತೆಗ್ದಿದ್ದೆ."

"ಅರ್ಜಿ ಯಾಕೆ ಕೊಡಲಿಲ್ಲ?"

"ಕೊಟ್ಟಿದ್ರೆ ನಿಮ್ಮ ನೌಕರಿ ಹೋಗ್ತಿತ್ತು. ನೀವೇ ಒಂದಿನ ಬಂದು ಹೇಳ್ತೀರಿ ಅಂದ್ಕಂಡೆ."

ತನುಜಾ ಪಾಸ್‌ವರ್ಡ್ ಹಾಕುವ ಜಾಗಕ್ಕೆ ಹೋಗಿ ತಂದೆಯ ಕಡೆ ನೋಡಿದಳು. ಕೆರಿಯಣ್ಣ ತಲೆಯಲ್ಲಾಡಿಸಿದರು.

"ಬ್ಯಾಡ, ಹಾಕ್ಬ್ಯಾಡ. ಹೆಗಡೇರೆ, ನೀವಂತೂ ಬರ್ಲಿಲ್ಲ. ದಿನಾ ಬೆಳಿಗ್ಗೆ ಆರೂವರೆಗೆ ನಿಮ್ಮ ಹೆಸರಾದ್ರೂ ನಮ್ಮನಿಗೆ ಬರ್ತಿತ್ತು. ಚಾ ಕುಡೀತಾ ಇವಳ ಹತ್ರ ಕೇಳ್ತಿದ್ದೆ, ಹೆಗಡೇರು ಬಂದ್ರಾ ಅಂತ. ಮಾರ್ಚಿನಾಗೆ ನಾಲ್ಕು ದಿನ ಹೆಸರೇ ಇರ್ಲಿಲ್ಲ. ಏನಾತೋ ಅಂತ ಬೇಲಿ ಹತ್ರ ಬಂದು ನಿಂತಿದ್ದೆ. ಕರಿಯೋಕೆ ಬಾಯಿ ಬರ್ಲಿಲ್ಲ."

"ವಜ್ರಳ್ಳಿಗೆ ಹೋಗಿದ್ದೆ ಮಾರಾಯಾ, ಮಗಳ ಮನೆಗೆ," ಎಂದರು ಮಾವ. ಕಾಲ ಕೆಳಗಿದ್ದದ್ದು ಮುರುಗಲ ಸಿಪ್ಪೆ ಹರವಿದ ಚಾಪೆ ಎಂಬುದನ್ನೂ ನೋಡದೆ ಅದರ ಮೇಲೇ ಕುಸಿದು ಕೂತು, ಬಿಳಿ ಪಂಚೆ ಕೆಂಪಾಗುತ್ತಿದ್ದರೂ ಏಳದೆ, ಬಿಕ್ಕಿ ಬಿಕ್ಕಿ ಅತ್ತರು. ಕೆರಿಯಣ್ಣ ಜಗಲಿಯ ಕಡೆ ತಿರುಗಿ, ಹೆಗಡೇರಿಗೆ ಕುಡಿಯೋಕೆ ಏನಾದರೂ ತಾ ಎಂದು ಮಗಳಿಗೆ ಹೇಳಿದರು.